ಕ್ಯಾಮೆರಾ ಕೆಲಸಕ್ಕೆ ಒಂದೇ ಸಾಲು ಸಾಲದು

ಸಂಪಾದಕರಿಗೆ,

ಮಾನ್ಯರೆ,

ಎರಡು ವಾರಗಳ ಹಿಂದೆ ತಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ, ನಮ್ಮ ಸೀಮೆಯ ರೈತ ಕುಟುಂಬವೊಂದರ ಕಥೆಯುಳ್ಳ ಹೊಸ ಚಿತ್ರದ ವಿಮರ್ಶೆ ಪ್ರಕಟವಾಗಿತ್ತು. ಕಥೆಯನ್ನು ಕುರಿತು ನಾಲ್ಕು ಪ್ಯಾರಾ, ನಟನೆಯನ್ನು ಕುರಿತು ಎರಡು, ಹಾಡುಗಳನ್ನು ಕುರಿತು ಒಂದು ಇದ್ದು, ಕೊನೆಯಲ್ಲಿ ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂಬ ಒಂದೇ ಸಾಲಿತ್ತು. ವಿಮರ್ಶಕರ ಮೇಲೆ ನನಗೆ ಗೌರವವಿದೆ. ನಟರ ಬಗ್ಗೆ ಅವರು ಬರೆದದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಅದೇ ಚಿತ್ರವನ್ನು ಹುಬ್ಬಳ್ಳಿಗೆ ಹೋಗಿ ಎರಡು ಬಾರಿ ನೋಡಿ ಬಂದ ನನಗೆ ಆ ಒಂದು ಸಾಲು ಸಾಲದೆನಿಸಿತು. ಅದು ಪೂರ್ತಿ ನಿಜವಲ್ಲವೆಂದೂ ಅನಿಸಿತು. ಆ ಚಿತ್ರದಲ್ಲಿ ಕ್ಯಾಮೆರಾ ಒಂದು ಕಡೆ ದೊಡ್ಡ ತಪ್ಪು ಮಾಡಿದೆ, ಇನ್ನೊಂದು ಕಡೆ ಬಹಳ ದೊಡ್ಡ ಕೆಲಸ ಮಾಡಿದೆ. ಎರಡೂ ಆ ಒಂದು ಸಾಲಿನ ಕೆಳಗೆ ಮುಚ್ಚಿಹೋಗಿವೆ. ಚಿತ್ರದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಏಕೆಂದರೆ ಒಂದು ತಂಡವನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ತೆರೆಯ ಮೇಲಿನ ಬೆಳಕು, ನೆರಳು, ಬಣ್ಣ, ಪಾತ್ರ ನಿಂತ ಜಾಗ, ಗೋಡೆಗೆ ತೂಗಿದ ವಸ್ತು ಇವೆಲ್ಲವೂ ನಟನ ಮಾತಿನಷ್ಟೇ ಸ್ಪಷ್ಟವಾಗಿ ಮಾತನಾಡುತ್ತವೆ ಎಂಬುದನ್ನೂ, ಆ ಮಾತನ್ನು ಓದುಗರಿಗೆ ತಿಳಿಸುವ ಹೊಣೆ ವಿಮರ್ಶೆಗಿದೆ ಎಂಬುದನ್ನೂ ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ನಾನು 1976ರಲ್ಲಿ ಹುಬ್ಬಳ್ಳಿಯ ಒಂದು ಟಾಕೀಜಿನಲ್ಲಿ ಸಹಾಯಕನಾಗಿ ಸೇರಿ, ಮುಂದೆ ಆಪರೇಟರ್ ಆಗಿ, ಕೊನೆಯ ಕೆಲವು ವರ್ಷ ಗದಗಿನಲ್ಲಿ ದುಡಿದು, ರೀಲು ಹೋಗಿ ಡಿಜಿಟಲ್ ಯಂತ್ರ ಬಂದ ಮೇಲೆ 2010ರಲ್ಲಿ ಕೆಲಸ ಬಿಟ್ಟವನು. ಸಿನಿಮಾ ಶಾಸ್ತ್ರವನ್ನು ಯಾವ ಶಾಲೆಯಲ್ಲಿಯೂ ಓದಿಲ್ಲ. ಆದರೆ ಆಪರೇಟರನ ಕೆಲಸದಲ್ಲಿ ಒಂದು ವಿಶೇಷವಿದೆ. ಕ್ಯಾಬಿನ್ನಿನೊಳಗೆ ಯಂತ್ರದ ಸದ್ದು ಎಷ್ಟಿರುತ್ತಿತ್ತೆಂದರೆ ಪಾತ್ರಗಳ ಮಾತು ಅರೆಬರೆಯಾಗಿ ಕೇಳಿಸುತ್ತಿತ್ತು. ಗೋಡೆಯಲ್ಲಿ ಸಣ್ಣದೊಂದು ಗಾಜಿನ ಕಿಂಡಿ, ಅದರಾಚೆ ತೆರೆ, ಅಷ್ಟೇ ನಮ್ಮ ಪಾಲಿನದು. ದಿನಕ್ಕೆ 4 ಆಟದಂತೆ ಒಂದು ಚಿತ್ರ 50 ದಿನ ಓಡಿದರೆ ಒಂದೊಂದು ದೃಶ್ಯವನ್ನು 200 ಬಾರಿ ನೋಡಿದಂತಾಗುತ್ತಿತ್ತು. ಮೊದಲ ವಾರ ಕಥೆ ಹಿಡಿದು ನಿಲ್ಲಿಸುತ್ತದೆ. ಎರಡನೆಯ ವಾರಕ್ಕೆ ಕಥೆ ಸವೆಯುತ್ತದೆ. ಆಮೇಲೆ ಕಣ್ಣಿಗೆ ಬೇರೆಯದೇ ಕಾಣತೊಡಗುತ್ತದೆ. ಅಪ್ಪ ಯಾವಾಗಲೂ ಬಾಗಿಲಿನ ಚೌಕಟ್ಟಿನೊಳಗೇ ನಿಂತಿದ್ದಾನೆ, ಮಗ ಯಾವಾಗಲೂ ಅಂಗಳದ ಬಿಸಿಲಿನಲ್ಲಿದ್ದಾನೆ ಎಂಬುದು ಕಾಣುತ್ತದೆ. ಮೊದಲು ಒಂದೇ ಮಟ್ಟದಲ್ಲಿ ತೋರುತ್ತಿದ್ದ ಇಬ್ಬರಲ್ಲಿ, ಜಗಳವಾದ ಮೇಲೆ ಒಬ್ಬನನ್ನು ಕೆಳಗಿನಿಂದಲೂ ಇನ್ನೊಬ್ಬನನ್ನು ಮೇಲಿನಿಂದಲೂ ತೋರಿಸಿದ್ದಾರೆ ಎಂಬುದು ಗೊತ್ತಾಗುತ್ತದೆ. ಯಾರು ಯಾರಿಗೆ ಸೋತರು ಎಂಬುದನ್ನು ಒಂದು ಮಾತೂ ಕೇಳದೆ ಹೇಳಬಹುದಿತ್ತು. ಬಾಯಿ ಒಂದು ಹೇಳಿ ನಿಂತ ಜಾಗ ಇನ್ನೊಂದು ಹೇಳಿದಾಗ, ಸಭಿಕರು ನಂಬುತ್ತಿದ್ದುದು ನಿಂತ ಜಾಗವನ್ನೇ ಎಂಬುದನ್ನು ಅವರ ನಗೆ ಮತ್ತು ಮೌನಗಳಿಂದ ನಾನು ಕಲಿತೆ.

ನಾನು ಕೆಲಸಕ್ಕೆ ಸೇರಿದಾಗ ಯಂತ್ರದಲ್ಲಿ ಉರಿಯುತ್ತಿದ್ದುದು ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ತುದಿಗಳ ನಡುವೆ ಹೊತ್ತುವ ಬಿಳಿಯ ಬೆಳಕೇ ತೆರೆಯ ಮೇಲಿನ ಹಗಲು, ಅದೇ ಬೆಳಕೇ ತೆರೆಯ ಮೇಲಿನ ರಾತ್ರಿ. ಕಡ್ಡಿ ಉರಿದುರಿದು ಗಿಡ್ಡವಾದಂತೆ ನಡುವಿನ ಅಂತರವನ್ನು ಸರಿಪಡಿಸುತ್ತಲೇ ಇರಬೇಕು. ಗಮನ ತಪ್ಪಿದರೆ ಬೆಳಕು ಕಂದಿ, ಮದುವೆಯ ದೃಶ್ಯಕ್ಕೂ ಸೂತಕದ ಕಳೆ ಬರುತ್ತಿತ್ತು. 1980ರ ಆಸುಪಾಸಿನಲ್ಲಿ ಒಂದು ಚಿತ್ರ ಬಂದಿತ್ತು. ತಾಯಿಯೊಬ್ಬಳು ಕಂದೀಲಿನ ಬೆಳಕಿನಲ್ಲಿ ಮಗನ ಕಾಗದ ಓದುವ ದೃಶ್ಯ ಅದರಲ್ಲಿತ್ತು. ಮುಖದ ಅರ್ಧಭಾಗ ಮಾತ್ರ ಕಾಣುತ್ತಿತ್ತು, ಉಳಿದರ್ಧ ಪೂರ್ತಿ ಕಪ್ಪು. ಮ್ಯಾಟಿನಿ ಆಟದಲ್ಲಿ ಆ ದೃಶ್ಯ ಬಂದ ಕೂಡಲೇ ಮುಂದಿನ ಸಾಲುಗಳಿಂದ ‘ಲೈಟ್, ಲೈಟ್’ ಎಂದು ಕೂಗು, ಶಿಳ್ಳೆ. ಮ್ಯಾನೇಜರರು ಮೆಟ್ಟಿಲು ಹತ್ತಿ ಬಂದು ಬೆಳಕು ಹೆಚ್ಚಿಸಲು ಹೇಳಿದರು, ನಾನು ಕರೆಂಟು ಏರಿಸಿದೆ. ಆ ತಾಯಿಯ ಮುಖದ ಕಾಣದ ಅರ್ಧ ಆಗಲೂ ಕಾಣಲಿಲ್ಲ, ಏಕೆಂದರೆ ಅದು ಫಿಲ್ಮಿನಲ್ಲೇ ಇರಲಿಲ್ಲ. ಆಗಿದ್ದಿಷ್ಟೇ, ಕಪ್ಪು ಇದ್ದದ್ದು ಬೂದಿ ಬಣ್ಣವಾಯಿತು, ಕಂದೀಲಿನ ಬೆಳಕು ಕಂದೀಲಿನದಾಗಿ ಉಳಿಯಲಿಲ್ಲ, ಆ ಹೆಂಗಸು ಒಂಟಿಯಾಗಿ ತೋರಲಿಲ್ಲ. ಆಗ ನನಗೆ ಬಹಳ ಕೆಡುಕೆನಿಸಿತು. ಮರುದಿನ ಬೆಳಕನ್ನು ಮುಟ್ಟಲಿಲ್ಲ. ಆ ದೃಶ್ಯ ಬರುವ ಮುಂಚೆ ಪಕ್ಕದ ಬಾಗಿಲುಗಳ ಪರದೆಗಳನ್ನು ಬಿಗಿಯಾಗಿ ಎಳೆಯುವಂತೆ ಗೇಟ್‌ಕೀಪರನಿಗೆ ಹೇಳಿದೆ. ಶಿಳ್ಳೆ ನಿಂತಿತು. ಹಿಂದಿನ ದಿನ ದೃಶ್ಯವನ್ನು ಕೆಡಿಸಿದ್ದು ಬಾಗಿಲ ಸಂದಿಯಿಂದ ನುಗ್ಗಿದ ಹೊರಗಿನ ಬಿಸಿಲು. ತೆರೆಯ ಕತ್ತಲು ಉಳಿಯಬೇಕಾದರೆ ಸಭಾಂಗಣದ ಕತ್ತಲು ಪೂರ್ತಿಯಾಗಿರಬೇಕು ಎಂಬುದನ್ನು ಅಂದಿನಿಂದ ಮರೆತಿಲ್ಲ.

ಇನ್ನು ಆ ಹೊಸ ಚಿತ್ರದ ತಪ್ಪಿಗೆ ಬರುತ್ತೇನೆ. ಹೊಲ ಮಾರಿದ ಕಾಗದಕ್ಕೆ ಸಹಿ ಹಾಕಿ ಬಂದ ಅಪ್ಪ, ಅದನ್ನು ಪಡಸಾಲೆಯಲ್ಲಿ ಮನೆಯವರೆದುರು ಹೇಳುವ ದೃಶ್ಯ ಚಿತ್ರದ ಜೀವ. ಮಾತುಗಳು ಸರಿಯಾಗಿವೆ, ನಟ ಸೊಗಸಾಗಿ ನಟಿಸಿದ್ದಾರೆ, ಮನೆಯೂ ನಿಜವಾದ ಮಣ್ಣಿನ ಮಾಳಿಗೆಯ ಮನೆ. ಆದರೆ ಆ ಮನೆಯೊಳಗೆ ನಾಲ್ಕೂ ಕಡೆಯಿಂದ ಬಟ್ಟೆ ಅಂಗಡಿಯಲ್ಲಿರುವಷ್ಟು ಬೆಳಕು. ಮೂಲೆಯ ಕೊಡ ಕಾಣುತ್ತದೆ, ಜಂತಿಯ ಗೆರೆಗಳು ಕಾಣುತ್ತವೆ, ದೇವರ ಜಗಲಿಯ ಮೇಲಿನ ಪಟದ ಅಕ್ಷರಗಳನ್ನೂ ಓದಬಹುದು. ಹೇಳಲಾರದ್ದನ್ನು ಹೇಳುತ್ತಿರುವ ಮನುಷ್ಯನಿಗೆ ಮುಖ ಮರೆಸಿಕೊಳ್ಳಲು ಆ ಮನೆಯಲ್ಲಿ ಒಂದು ಗೇಣು ನೆರಳಿಲ್ಲ. ಅವನ ನಾಚಿಕೆಯನ್ನು ನಟನೊಬ್ಬನೇ ಹೊತ್ತು ನಡೆಯಬೇಕಾಯಿತು. ಮನೆ ಅವನ ನೆರವಿಗೆ ಬರಲಿಲ್ಲ.

ಧಾರವಾಡ, ಗದಗ, ಹಾವೇರಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಆ ಬೆಳಕು ಎಂಥದೆಂದು ಹೇಳಬೇಕಾಗಿಲ್ಲ. ದಪ್ಪ ಗೋಡೆ, ಕಿಟಕಿ ಇದ್ದರೂ ಒಂದೋ ಎರಡೋ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ಇಳಿಯುವುದು ಒಂದೇ ಕೋಲು ಬೆಳಕು. ಅದು ಬೆಳಗಿನಿಂದ ಸಂಜೆಯವರೆಗೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಇನ್ನೊಂದು ಗೋಡೆಗೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ; ‘ಬೆಳಕು ಒಳ್ಳಿನ (ಒರಳಿನ) ಮ್ಯಾಲೆ ಬಂತು, ಬುತ್ತಿ ಕಟ್ಟೂ ಹೊತ್ತಾತು’ ಎಂದು ಅವ್ವ ಹೇಳುತ್ತಿದ್ದಳು. ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದ ಆ ಬೆಳಕು ಮಂದವಾಗಿ ಮೇಲೆದ್ದು ಕುಳಿತವರ ಮುಖಕ್ಕೆ ಕೆಳಗಿನಿಂದ ತಾಗುತ್ತದೆ. ಅದಕ್ಕಾಗಿಯೇ ಆ ಮನೆಗಳಲ್ಲಿ ಎಲ್ಲರ ಮುಖವೂ ಸ್ವಲ್ಪ ಯೋಚನೆಯಲ್ಲಿರುವಂತೆ ತೋರುತ್ತದೆ. ಯಾರು ಎಲ್ಲಿ ಕೂಡಬೇಕೆಂಬುದೂ ಅಲ್ಲಿ ಮೊದಲೇ ಗೊತ್ತಾಗಿರುತ್ತದೆ: ಹಿರಿಯರು ಕಂಬಕ್ಕೊರಗಿ, ಗಂಡುಮಕ್ಕಳು ಬೆಳಕಿನ ಹತ್ತಿರ, ಸೊಸೆ ಅಡುಗೆಮನೆಯ ಹೊಸ್ತಿಲ ಮರೆಯಲ್ಲಿ, ಸೆರಗಿನ ಅಂಚಷ್ಟೇ ಕಾಣುವಂತೆ. ಮನೆಯ ಕಟ್ಟಣಿಯೇ ಅರ್ಧ ನಿರ್ದೇಶನ ಮಾಡಿಕೊಟ್ಟಿರುತ್ತದೆ. ಆ ಅಪ್ಪ ಕಂಬದ ನೆರಳಿನಲ್ಲೇ ಉಳಿದು, ಕಾಗದ ಹಿಡಿದ ಅವನ ಕೈ ಮಾತ್ರ ಬೆಳಕಿನ ಕೋಲಿನೊಳಗೆ ಬಂದಿದ್ದರೆ, ಅವನ ಮಾತಿನಲ್ಲಿ ಅರ್ಧವನ್ನು ಕತ್ತರಿಸಿ ಹಾಕಬಹುದಿತ್ತು.

ಇದು ಆಗದ ಮಾತೇನೂ ಅಲ್ಲ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಹಿಂದಿ ಚಿತ್ರದಲ್ಲಿ, ಖಾಲಿ ಸ್ಟುಡಿಯೋವೊಂದರೊಳಗೆ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ತಂದು ಒಂದು ದೊಡ್ಡ ಬೆಳಕಿನ ಕಂಬವನ್ನೇ ಇಳಿಸಿದರು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ; ಅಷ್ಟು ಅಗಲವಾದ ಚೌಕಟ್ಟು ಸಿಕ್ಕಾಗ ಅದನ್ನು ತುಂಬುವ ಆಸೆ ಯಾರಿಗಾದರೂ ಬರುತ್ತದೆ, ಅವರು ಅದನ್ನು ಖಾಲಿ ಬಿಟ್ಟರು. ಒಂದಾಗಲಾರದ ಇಬ್ಬರು ಆ ಖಾಲಿಯಲ್ಲಿ ನಿಂತಿದ್ದಾರೆ. ಹಾಡು ಹಿನ್ನೆಲೆಯಲ್ಲಿದೆ, ಅವರ ತುಟಿಗಳು ಚಲಿಸುವುದಿಲ್ಲ. ನಡುವೆ ಧೂಳು ತೇಲುವ ಬೆಳಕು. ಕ್ಯಾಬಿನ್ನಿನ ಕಿಂಡಿಯಿಂದ ಹೊರಟ ಬೆಳಕಿನಲ್ಲಿ ಧೂಳು ಕುಣಿಯುವುದನ್ನು ದಿನವೂ ನೋಡುತ್ತಿದ್ದ ನನಗೆ, ಆ ದೃಶ್ಯ ಮನೆಯವರ ಮಾತಿನಷ್ಟು ಹತ್ತಿರದ್ದಾಗಿ ಕಂಡಿತು. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ, ಕ್ಯಾಮೆರಾ ಹಿಡಿದವರಿಗೆ ಆ ಗೌರವ ಸಂದದ್ದು ಅದೇ ಮೊದಲು. ಇನ್ನೊಂದು ಬಗೆಯ ಉದಾಹರಣೆಯೂ ಇದೆ. 1956ರ ‘ಅಪರಾಜಿತೋ’ ಬಂಗಾಳಿ ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರರು ಮೇಲೆ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹೊಡೆಸಿ ಕೆಳಗಿಳಿಸಿದರು; ಆಕಾಶದಿಂದ ಅಂಗಳಕ್ಕಿಳಿಯುವ, ನೆರಳು ಬೀಳಿಸದ ಬೆಳಕು ಹಾಗೆ ಸಿಕ್ಕಿತು. ಒಬ್ಬರು ಬೆಳಕನ್ನು ಕೋಲಾಗಿಸಿದರು, ಇನ್ನೊಬ್ಬರು ಅದನ್ನು ಹರಡಿದರು. ಇಬ್ಬರೂ ಮೊದಲು ಕೇಳಿಕೊಂಡದ್ದು ಈ ಮನೆಗೆ ಬೆಳಕು ಎಲ್ಲಿಂದ ಬರುತ್ತದೆ, ಈ ಮನುಷ್ಯರ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು. ನಮ್ಮ ಮಾಳಿಗೆ ಮನೆಗೆ ಬಂದ ತಂಡ ಆ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣಲಿಲ್ಲ.

ಆದರೆ ಅದೇ ಚಿತ್ರದ ಇನ್ನೊಂದು ದೃಶ್ಯವನ್ನು ನೋಡಿದಾಗ, ಇದನ್ನು ತೆಗೆದವರು ಬೇರೆಯವರೇ ಇರಬೇಕು ಎನ್ನುವಷ್ಟು ಆಶ್ಚರ್ಯವಾಯಿತು. ಮಗ ಊರು ಬಿಟ್ಟು ಹೋಗುತ್ತೇನೆಂದು ಹೊರಗಿನ ಕಟ್ಟೆಯ ಮೇಲೆ ಗೆಳೆಯನಿಗೆ ಹೇಳುತ್ತಿದ್ದಾನೆ. ಕ್ಯಾಮೆರಾ ಅವನನ್ನು ತೋರಿಸುವುದಿಲ್ಲ. ಪಡಸಾಲೆಯಲ್ಲಿ ನಿಂತು ಒಳಗೆ ನೋಡುತ್ತದೆ: ಒಂದು ಬಾಗಿಲು, ಅದರೊಳಗೆ ಇನ್ನೊಂದು ಬಾಗಿಲು, ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಅಲ್ಲಿ ಒಲೆಯ ಮುಂದೆ ಬೆನ್ನು ಮಾಡಿ ಕುಳಿತು ರೊಟ್ಟಿ ಬಡಿಯುತ್ತಿರುವ ತಾಯಿ. ಇಡೀ ತೆರೆಯಲ್ಲಿ ಅವಳ ಪಾಲು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ಮುಖ ಕಾಣುವುದಿಲ್ಲ. ಮಗನ ಮಾತು ಮುಗಿಯುವಷ್ಟರಲ್ಲಿ ಅವಳ ಕೈ ನಿಲ್ಲುತ್ತದೆ. ಹಂಚಿನ ಮೇಲಿನ ರೊಟ್ಟಿಯನ್ನು ಅವಳು ತಿರುವಿಹಾಕುವುದಿಲ್ಲ; ಅದರಿಂದ ಹೊಗೆ ಏಳುತ್ತದೆ; ಒಲೆಯ ಉರಿ ಅವಳ ನೆರಳನ್ನು ಗೋಡೆಯ ಮೇಲೆ ದೊಡ್ಡದು ಮಾಡುತ್ತದೆ, ಚಿಕ್ಕದು ಮಾಡುತ್ತದೆ. ಆಮೇಲೆ ಕೈ ಮತ್ತೆ ಬಡಿಯತೊಡಗುತ್ತದೆ. ನನ್ನ ಲೆಕ್ಕದಲ್ಲಿ ಅರ್ಧ ನಿಮಿಷವೂ ಇಲ್ಲದ ದೃಶ್ಯ ಅದು.

ಈ ದೃಶ್ಯ ಏಕೆ ಅಷ್ಟು ನಾಟಿತು ಎಂದು ಗದಗಿಗೆ ವಾಪಸು ಬರುವ ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಎರಡು ಬಾಗಿಲುಗಳ ಚೌಕಟ್ಟು ಅವಳನ್ನು ದೂರ ಮಾಡುತ್ತದೆ. ಆ ಮನೆಯಲ್ಲಿ ಯಾವ ಸುದ್ದಿಯೂ ಅವಳಿಗೆ ನೇರವಾಗಿ ಬರುವುದಿಲ್ಲ, ಎರಡು ಹೊಸ್ತಿಲು ದಾಟಿಯೇ ಬರುತ್ತದೆ ಎಂಬುದನ್ನು ಯಾರೂ ಹೇಳದೆ ನಾವು ತಿಳಿಯುತ್ತೇವೆ. ಮುಖವನ್ನು ಹತ್ತಿರದಿಂದ ತೋರಿಸಿದ್ದರೆ ಅವಳ ಕಣ್ಣೀರನ್ನು ನಾವು ನೋಡುತ್ತಿದ್ದೆವು. ತೋರಿಸದ್ದರಿಂದ ಆ ಕಣ್ಣೀರು ಇದೆಯೋ ಇಲ್ಲವೋ ಎಂದು ನಾವೇ ಅವಳ ಬೆನ್ನನ್ನು ಹುಡುಕುತ್ತೇವೆ. ಇಡೀ ಸಂಸಾರ ನಡೆದಿರುವುದು ಆ ಕೈಯ ಲಯದ ಮೇಲೆ. ಕೈ ನಿಂತದ್ದು ಮನಸ್ಸು ಕುಸಿದದ್ದರ ಗುರುತು, ಮತ್ತೆ ಆರಂಭವಾದದ್ದು ಅವಳ ಸ್ವಭಾವದ ಗುರುತು. ನನ್ನ ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ‘ರೊಟ್ಟಿ ಸೀದು ಹೊಕ್ಕೈತಿ’ ಎಂದು ತಮ್ಮಷ್ಟಕ್ಕೆ ತಾವು ಹೇಳಿಕೊಂಡರು. ಅವರು ಹೇಳಿದ್ದು ರೊಟ್ಟಿಯನ್ನು ಕುರಿತೇ ಆದರೂ ಅವರ ಕಣ್ಣು ತುಂಬಿದ್ದವು. ವಿಮರ್ಶೆಯಲ್ಲಿ ಈ ದೃಶ್ಯದ ಹೆಸರಿಲ್ಲ.

ಬಯಲಿನ ದೃಶ್ಯಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಮಲೆನಾಡಿನಲ್ಲಿ ಬೆಳಕು ಗಿಡಮರಗಳಿಂದ ಸೋಸಿ ಬರುತ್ತದೆ. ನವಲಗುಂದ, ನರಗುಂದ, ಗದಗಿನ ಎರೆಭೂಮಿಯಲ್ಲಿ ಸೋಸುವುದಕ್ಕೆ ಏನೂ ಇಲ್ಲ. ಕಪ್ಪು ಮಣ್ಣು ಬೆಳಕನ್ನು ನುಂಗುತ್ತದೆ, ವಾಪಸು ಕೊಡುವುದಿಲ್ಲ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿರುವಾಗ ರುಮಾಲಿನ ಅಥವಾ ಟೊಪಗಿಯ ನೆರಳು ರೈತನ ಕಣ್ಣುಗಳ ಮೇಲೆ ಬಿದ್ದು, ಮೂಗು, ಮೀಸೆ, ತುಟಿ ಮಾತ್ರ ಕಾಣುತ್ತವೆ. ನಮ್ಮ ಹಿರಿಯರ ಮುಖಗಳನ್ನು ನಾವು ಹೊಲದಲ್ಲಿ ನೋಡಿದ್ದು ಹಾಗೆಯೇ. ಅವರು ಏನು ಯೋಚಿಸುತ್ತಿದ್ದಾರೆಂದು ತಿಳಿಯಲು ಅವರ ಕಣ್ಣು ಸಿಗುತ್ತಿರಲಿಲ್ಲ, ಅವರ ಬಿಗುಮಾನದ ಅರ್ಧಭಾಗ ಆ ನೆರಳಿನದೇ ಆಗಿತ್ತು. ಚಿತ್ರೀಕರಣಕ್ಕೆ ಬಂದವರು ಬೆಳ್ಳಿಯ ಹೊದಿಕೆಯ ಹಲಗೆ ಹಿಡಿದು ಆ ನೆರಳನ್ನು ತೆಗೆದುಹಾಕುತ್ತಾರೆ. ನಟನ ಕಣ್ಣು ಕಾಣಬೇಕೆಂಬುದು ಅವರ ಕಾಳಜಿ. ಅದು ಎಲ್ಲ ಕಡೆಯೂ ತಪ್ಪಲ್ಲ. ಆದರೆ ಹೊಲ ಮಾರಿದ ಮರುದಿನ ಅದೇ ಹೊಲದ ಬದುವಿನ ಮೇಲೆ ನಿಂತವನ ಕಣ್ಣನ್ನು ಅವನೇ ಎತ್ತಿ ತೋರಿಸುವವರೆಗೆ ನಾವು ನೋಡಬಾರದಿತ್ತು. ಮಸೂರದ ಆಯ್ಕೆಯೂ ಹಾಗೆಯೇ ಮಾತನಾಡುತ್ತದೆ. ಅಗಲ ನೋಟದ ಲೆನ್ಸ್ ಹಾಕಿದರೆ ದಿಗಂತ ದೂರ ಸರಿದು ಮನುಷ್ಯ ಕಡ್ಡಿಯಷ್ಟಾಗುತ್ತಾನೆ. ದೂರದ್ದನ್ನು ಎಳೆದು ತರುವ ಲೆನ್ಸ್ ಹಾಕಿದರೆ ಅವನು ಎಷ್ಟು ನಡೆದರೂ ಮುಂದೆ ಬಾರದವನಂತೆ, ನೆಲಕ್ಕೆ ಅಂಟಿಕೊಂಡವನಂತೆ ತೋರುತ್ತಾನೆ. ಸಾಲ ತೀರಿಸಲು ಹೊರಟವನಿಗೆ ಯಾವುದು ಹೊಂದುತ್ತದೆ, ಸಾಲ ಬಿಟ್ಟು ಓಡುವವನಿಗೆ ಯಾವುದು ಹೊಂದುತ್ತದೆ ಎಂಬುದು ಕಥೆಗಾರನಷ್ಟೇ ಕ್ಯಾಮೆರಾದವನೂ ತೀರ್ಮಾನಿಸಬೇಕಾದ ವಿಷಯ.

ಬಣ್ಣ ಮತ್ತು ಬಟ್ಟೆಯ ವಿಷಯದಲ್ಲಿ ನಮ್ಮ ಚಿತ್ರಗಳು ಹೆಚ್ಚು ಅವಸರ ಮಾಡುತ್ತವೆ. ಇಳಕಲ್ ಸೀರೆ ಉಡಿಸಿದರೆ ಉತ್ತರ ಕರ್ನಾಟಕವಾಯಿತು ಎಂದು ತಿಳಿದಂತಿದೆ. ಆದರೆ ಬಡವರ ಮನೆಯ ಐದು ಜನ ಹೆಣ್ಣುಮಕ್ಕಳೂ ಅಂಗಡಿಯ ಮಡಿಕೆ ಬಿಚ್ಚದ ಸೀರೆ ಉಟ್ಟು ಕಳೆ ಕೀಳುವುದನ್ನು ನೋಡಿದಾಗ ಆ ಪಾತ್ರಗಳ ಮೇಲಿನ ನಂಬಿಕೆ ಅಲ್ಲಿಗೇ ಹೋಗುತ್ತದೆ. ಉಟ್ಟುಟ್ಟು ಸವೆದ ಸೀರೆ ಎಲ್ಲ ಕಡೆ ಒಂದೇ ರೀತಿ ಮಾಸುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವಲ್ಲಿ, ತಲೆಯ ಮೇಲೆ ಹೊದೆಯುವ ಸೆರಗಿನ ನಡುವೆ ಬಣ್ಣ ಮೊದಲು ಹೋಗುತ್ತದೆ. ಅಷ್ಟನ್ನು ತೋರಿಸಿದರೆ ಅವಳು ಎಷ್ಟು ವರ್ಷದಿಂದ ಆ ಮನೆಯಲ್ಲಿ ದುಡಿದಿದ್ದಾಳೆ ಎಂಬುದಕ್ಕೆ ಬೇರೆ ಸಂಭಾಷಣೆ ಬೇಡ. ಬ್ಯಾಡಗಿಯ ಮೆಣಸಿನಕಾಯಿಯ ರಾಶಿಯ ಮೇಲೆ ಹಾಡು ತೆಗೆಯುವುದೂ ಒಂದು ರೂಢಿಯಾಗುತ್ತಿದೆ. ಆ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಹೆಸರು, ಕ್ಯಾಮೆರಾಕ್ಕೆ ಅದು ಹಿಡಿಸುವುದು ಸಹಜ. ಆದರೆ ಅಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಂಗಸಿಗೆ ಆ ಕೆಂಪು ಹಬ್ಬದ ಕೆಂಪಲ್ಲ. ಅದು ಘಾಟು, ಸೀನು, ಸಂಜೆಗೆ ಸಿಗುವ ಕೂಲಿ. ಒಂದೇ ಬಣ್ಣ ವ್ಯಾಪಾರಿಗೆ ಒಂದು, ಕೂಲಿಯವಳಿಗೆ ಇನ್ನೊಂದು. ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದನ್ನು ತೀರ್ಮಾನಿಸದೆ ಬಣ್ಣವನ್ನು ತುಂಬಿದರೆ ಅದು ಕಂಪನಿ ನಾಟಕದ ಪರದೆಯಂತಾಗುತ್ತದೆ. ಕಂಪನಿ ನಾಟಕವನ್ನು ನಾನು ಹಗುರಾಗಿ ಹೇಳುತ್ತಿಲ್ಲ. ನಾಟಕ ಕಂಪನಿ ನಡೆಸಿದ ಗರೂಡ ಸದಾಶಿವರಾಯರ ಊರಾದ ಗದಗಿನಲ್ಲಿದ್ದುಕೊಂಡು ಹಾಗೆ ಹೇಳಲಾರೆ. ಕಾಡಿನ ಪರದೆ, ಬೀದಿಯ ಪರದೆ, ಅರಮನೆಯ ಪರದೆ ಇಳಿದೊಡನೆ ಮುಂದಿನ ರಸ ಯಾವುದೆಂದು ಸಭೆಗೆ ತಿಳಿಯುತ್ತಿತ್ತು. ರಂಗಕ್ಕೆ ಅದು ಸರಿ. ಸಿನಿಮಾಕ್ಕೆ ನಿಜವಾದ ಕಾಡು, ನಿಜವಾದ ಬೀದಿ ಸಿಕ್ಕಿರುವಾಗ ಅವನ್ನೂ ಪರದೆಯಂತೆ ಹಿಂದೆ ತೂಗುಬಿಡುವುದು ಸರಿಯಲ್ಲ.

ಒಂದು ಚಿಕ್ಕ ವಸ್ತು ಎಷ್ಟು ದೊಡ್ಡ ಮಾತನ್ನು ಹೊರಬಲ್ಲದೆಂಬುದಕ್ಕೆ ನಮ್ಮವರೆಲ್ಲರೂ ಬಲ್ಲ 1971ರ ‘ಕಸ್ತೂರಿ ನಿವಾಸ’ವನ್ನೇ ನೆನೆಯಬಹುದು. ಬುಡದಲ್ಲಿ ಭಾರವಿರುವುದರಿಂದ ಎಷ್ಟು ಸಲ ಬೀಳಿಸಿದರೂ ಎದ್ದು ನಿಲ್ಲುವ ಆ ಗೊಂಬೆ, ಕೊಡುವುದನ್ನು ಬಿಡಲಾರದ ನಾಯಕನ ಸ್ವಭಾವವನ್ನು ಒಮ್ಮೆಗೇ ಹೇಳಿಬಿಡುತ್ತದೆ. ಪಾರಿವಾಳ ಆ ಸ್ವಭಾವ ತೆರಬೇಕಾದ ಬೆಲೆಯನ್ನು ಹೇಳುತ್ತದೆ. ಮರುಪ್ರದರ್ಶನಗಳಲ್ಲಿ ಆ ಕಪ್ಪು-ಬಿಳುಪು ಪ್ರತಿಯನ್ನು ನಾನು ಎಷ್ಟೋ ಬಾರಿ ಓಡಿಸಿದ್ದೇನೆ. 2014ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಹೋಗಿ ನೋಡಿದೆ. ಹೊಸ ಪೀಳಿಗೆಯನ್ನು ಕರೆತಂದ ಆ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೂ ನನ್ನ ಕಣ್ಣಿಗೆ ಹಳೆಯ ಪ್ರತಿಯೇ ಹೆಚ್ಚು ಎನಿಸಿತು. ಕಪ್ಪು-ಬಿಳುಪಿನಲ್ಲಿ ಕೆಲಸ ಮಾಡುವವರು ವ್ಯಕ್ತಿಯನ್ನು ಹಿಂದಿನ ಗೋಡೆಯಿಂದ ಬೇರ್ಪಡಿಸುತ್ತಿದ್ದುದು ಬೆಳಕಿನಿಂದಲೇ. ಮನೆ ಬರಿದಾದಾಗ ಆ ಬರಿದುತನ ಬೂದಿ ಬಣ್ಣದ ನೂರು ಮೆಟ್ಟಿಲುಗಳಲ್ಲಿತ್ತು. ಅದರ ಮೇಲೆ ಬಣ್ಣದ ಪದರ ಕೂತಾಗ ಕಣ್ಣು ಗೋಡೆಯ ಬಣ್ಣವನ್ನು ನೋಡತೊಡಗಿ, ಮನುಷ್ಯನಿಂದ ಸ್ವಲ್ಪ ಸರಿಯುತ್ತದೆ. 1977ರ ‘ಘಟಶ್ರಾದ್ಧ’ವನ್ನೂ ನೆನೆಯುತ್ತೇನೆ, ಸಿನಿಮಾ ಸಂಘವೊಂದಕ್ಕೆ ಯಂತ್ರ ನಡೆಸಲು ಧಾರವಾಡಕ್ಕೆ ಹೋದಾಗ ನೋಡಿದ್ದು. ಎಸ್. ರಾಮಚಂದ್ರ ಅವರ ಕ್ಯಾಮೆರಾ. ಬಹಿಷ್ಕಾರಕ್ಕೊಳಗಾದ ವಿಧವೆ, ಬೋಳಿಸಿದ ತಲೆಯ ಯಮುನೆ ಮರದ ಕೆಳಗೆ ಕುಳಿತಿರುವುದು, ಊರು ಬಿಟ್ಟು ಹೊರಟ ಹುಡುಗ ನಾಣಿಯ ಕಣ್ಣಿಗೆ ಬೀಳುತ್ತದೆ. ಅವಳಿಗೆ ಆದದ್ದನ್ನು ವಿವರಿಸಲು ಅಲ್ಲಿ ಯಾರೂ ಬೇಕಾಗಿಲ್ಲ. ಆ ಚಿತ್ರವನ್ನು ಈಗ ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂದು ಓದಿ ಬಹಳ ಸಂತೋಷಪಟ್ಟೆ.

ಇಷ್ಟೆಲ್ಲ ಶ್ರಮ ನಮ್ಮ ಊರುಗಳ ಪ್ರೇಕ್ಷಕರಿಗೆ ತಲುಪುತ್ತದೆಯೇ ಎಂಬ ಪ್ರಶ್ನೆಯನ್ನೂ ವಿಮರ್ಶಕರು ಎತ್ತಬೇಕು. ತೆರೆಯ ನಡುಭಾಗದ ಬೆಳಕಿಗೆ ಒಂದು ಅಳತೆಯಿದೆ: ರೀಲಿನ ಕಾಲದಲ್ಲಿ ಫಿಲ್ಮಿಲ್ಲದೆ ಯಂತ್ರ ಓಡುವಾಗ 16 ಫುಟ್-ಲ್ಯಾಂಬರ್ಟ್ ಇರಬೇಕೆಂದಿತ್ತು, ಡಿಜಿಟಲ್ಲಿಗೆ 14 ಇರಬೇಕೆಂದಿದೆ. ದೀಪ ಹಳೆಯದಾದರೂ ಬದಲಿಸದಿದ್ದರೆ, ಖರ್ಚು ಉಳಿಸಲೆಂದು ಮಂದಗೊಳಿಸಿದರೆ, ಮಾಸಿದ ತೆರೆಯನ್ನೇ ಮುಂದುವರಿಸಿದರೆ ಈ ಅಳತೆ ಎಲ್ಲಿಯ ಮಾತು? ರಾತ್ರಿಯ ದೃಶ್ಯವೆಂದರೆ ಬರಿಯ ಮಸಿ ಎಂದು ಜನ ತಿಳಿಯುತ್ತಾರೆ. ‘ನಮ್ಮ ಜನಕ್ಕೆ ಕತ್ತಲೆ ಹಿಡಿಸುವುದಿಲ್ಲ’ ಎಂದು ನಿರ್ಮಾಪಕರು ತಿಳಿಯುತ್ತಾರೆ. ಮುಂದಿನ ಚಿತ್ರದಲ್ಲಿ ಅಡುಗೆಮನೆಗೂ ಬಟ್ಟೆ ಅಂಗಡಿಯ ಬೆಳಕು ಬರುತ್ತದೆ. ಆ ಹೊಸ ಚಿತ್ರದ ಪಡಸಾಲೆಯ ತಪ್ಪು ಇಂಥ ಅಂಜಿಕೆಯಿಂದಲೇ ಹುಟ್ಟಿರಬಹುದೆಂದು ನನಗೆ ಅನುಮಾನ. ಬೆಂಗಳೂರಿನ ಒಳ್ಳೆಯ ತೆರೆಯ ಮೇಲೆ ಚಿತ್ರ ನೋಡಿ ಬರೆಯುವ ವಿಮರ್ಶಕರು ಒಮ್ಮೆ ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಟಿಕೆಟ್ ತೆಗೆದುಕೊಂಡು ಅದೇ ಚಿತ್ರವನ್ನು ನೋಡಿದರೆ, ನಾವು ನೋಡುತ್ತಿರುವುದು ಎಷ್ಟು, ನಮಗೆ ತಪ್ಪಿಹೋಗುತ್ತಿರುವುದು ಎಷ್ಟು ಎಂಬುದು ಅವರಿಗೆ ತಿಳಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ಪ್ರತಿ ವಿಮರ್ಶೆಯಲ್ಲಿ ಕನಿಷ್ಠ ಒಂದು ದೃಶ್ಯವನ್ನಾದರೂ ಆರಿಸಿಕೊಂಡು, ಅದರಲ್ಲಿ ಬೆಳಕು ಎಲ್ಲಿಂದ ಬಂತು, ಪಾತ್ರವನ್ನು ಎಲ್ಲಿ ನಿಲ್ಲಿಸಿದರು, ಏನನ್ನು ತೋರಿಸದೆ ಬಿಟ್ಟರು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳುವಂತೆ ತಮ್ಮ ವಿಮರ್ಶಕರಿಗೆ ತಿಳಿಸಬೇಕು. ನಿರ್ದೇಶಕರು ಮತ್ತು ನಟರ ಹೆಸರುಗಳ ಜೊತೆಗೆ ಛಾಯಾಗ್ರಹಣ, ಕಲೆ, ವಸ್ತ್ರವಿನ್ಯಾಸ ಮಾಡಿದವರ ಹೆಸರುಗಳನ್ನೂ ತಪ್ಪದೆ ಮುದ್ರಿಸಬೇಕು. ಈ ಸಲದ ವಿಮರ್ಶೆಯಲ್ಲಿ ಅವು ಇರಲಿಲ್ಲ. ನಾನು ಆ ಚಿತ್ರಕ್ಕೆ ಎರಡನೆಯ ಬಾರಿ ಹೋದದ್ದೇ ರೊಟ್ಟಿಯ ದೃಶ್ಯವನ್ನು ತೆಗೆದವರ ಹೆಸರನ್ನು ಓದಿಕೊಳ್ಳಬೇಕೆಂದು. ಆದರೆ ಕೊನೆಯಲ್ಲಿ ಹೆಸರುಗಳು ಬರತೊಡಗಿದೊಡನೆ ಸಭಾಂಗಣದ ದೀಪಗಳನ್ನೆಲ್ಲ ಹಾಕಿಬಿಟ್ಟರು, ತೆರೆ ಬಿಳಿಚಿಕೊಂಡಿತು, ಅಕ್ಷರಗಳು ಕಾಣಲಿಲ್ಲ. ದಯವಿಟ್ಟು ಮುಂದಿನ ಸಿನಿಮಾ ಪುಟದಲ್ಲಿ ಆ ಹೆಸರನ್ನು ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಮಂದಿರ ಆಪರೇಟರ್,
ಗದಗ-ಬೆಟಗೇರಿ